ಹೂವಿನ ಜೊತೆ ಹೋದ ಬ್ಯಾಕಪ್

ಅಕ್ಕನಿಗೆ ಯಾವ ಇಂಜೆಕ್ಷನ್ ಆಗಿಬರುವುದಿಲ್ಲ ಎಂಬುದು ಒಂದೇ ಒಂದು ಕಂಪ್ಯೂಟರಿಗೆ ಗೊತ್ತಿತ್ತು. ಅದು ನಂಜನಗೂಡಿನಲ್ಲಿ ಕೆಟ್ಟು ಕೂತಿತ್ತು.

ಆಯುಧಪೂಜೆಯ ಬೆಳಿಗ್ಗೆ ಅಲ್ಲಿನ ಆಸ್ಪತ್ರೆಯಲ್ಲಿ, ಕಾಲಿನ ಗಾಯಕ್ಕೆಂದು ಕೊಟ್ಟ ಆಂಟಿಬಯಾಟಿಕ್ಕಿಗೆ ಅಕ್ಕ ಮುಖ ಊದಿ, ಉಸಿರು ಕಟ್ಟಿ, ಹೇಗೋ ಉಳಿದುಕೊಂಡಳು. "ಸಿಸ್ಟಮ್‌ನಲ್ಲಿ ಎಂಟ್ರಿ ಮಾಡಿದೀನಿ, ಡೋಂಟ್ ವರಿ" ಎಂದ ಡಾಕ್ಟರು ಹಬ್ಬಕ್ಕೆ ಊರಿಗೆ ಹೋದರು. ಅವರ ಫೋನು ಸ್ವಿಚ್ ಆಫ್. ಇತ್ತ ಎರಡೇ ದಿನದಲ್ಲಿ ಗಾಯ ಕೀವಾಗಿ, ಜ್ವರ ನೆತ್ತಿಗೇರಿ, ಅಕ್ಕ ಅದೇ ಆಸ್ಪತ್ರೆಯ ಟಿ. ನರಸೀಪುರದ ಬ್ರ್ಯಾಂಚಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು.

ಆ ಬ್ರ್ಯಾಂಚಿನಲ್ಲೊಂದು ಸ್ಟ್ಯಾಂಡ್‌ಬೈ ಕಂಪ್ಯೂಟರ್. ನಂಜನಗೂಡಿನಲ್ಲಿ ಬರೆದದ್ದೆಲ್ಲ ಲಾಗ್ ಎಂಬ ಸಣ್ಣ ಫೈಲುಗಳಾಗಿ ಇಲ್ಲಿಗೆ ಬರುತ್ತದಂತೆ; ಒಂದರ ಮೇಲೊಂದು ಕೂರಿಸುತ್ತ ಹೋದರೆ ಅಲ್ಲಿಯದೆಲ್ಲ ಇಲ್ಲಿ ಎದ್ದು ಬರುತ್ತದೆ. ಕಂಪ್ಯೂಟರ್ ನೋಡಿಕೊಳ್ಳುವಾಕೆ ಕೂರಿಸುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು.

"ಪೂಜೆ ದಿನದ ಲಾಗ್ ಒಂದು ಇಲ್ಲ, ಅಮ್ಮಾ."

"ಅದನ್ನ ಬಿಟ್ಟು ಮುಂದಿನದು ಹಾಕು, ಪ್ಲೀಸ್."

"ಮಧ್ಯದ್ದು ಇಲ್ದೆ ಮುಂದಿನದು ಯಾವುದೂ ಕೂರಲ್ಲ."

ಕಾನ್ವೆಂಟಿನ ನಿಟಿಂಗ್ ಕ್ಲಾಸಿನಲ್ಲಿ ಸಿಸ್ಟರ್ ಒಂದು ಸ್ಟಿಚ್ ಬಿಟ್ಟರೂ ಬಿಚ್ಚಿಸುತ್ತಿದ್ದರಲ್ಲ, ಹಾಗೆ. ಕಂಪ್ಯೂಟರಿನಾಕೆ ನಂಜನಗೂಡಿನ ಅಟೆಂಡರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ನೆಟ್ ಓಗಿತ್ತು, ಅದ್ಕೆ ಪೂಜೆಗೆ ಮಿಸೀನ್ ಆಫ್ ಮಾಡೋಕ್ ಮುಂಚೆ ಅದ್ನ ಪೆನ್ ಡ್ರೈವ್‌ಗೆ ತಗಂಡಿದ್ದೆ ಕಣ್ ಮೇಡಂ. ಪೂಜೆ ತಟ್ಟೇಲಿ ಮಡಗಿದ್ದೆ."

"ಪೆನ್ ಡ್ರೈವ್‌ಗೂ ಪೂಜೇನಾ?"

"ನಿಮ್ಮಲ್ಲಿ ಜೆರಾಕ್ಸ್‌ಗೂ ಕುಂಕುಮ ಇಕ್ಕುದ್ರಲ್ಲಾ ನೀವು, ಇದೇನ್ ಪಾಪ ಮಾಡಿತ್ತು?"

"ಈಗೆಲ್ಲಿ ಅದು?"

"ಮಾರ್ನೆ ದಿನ ಬೆಳಿಗ್ಗೆ ಊವೆಲ್ಲ ಬಾಚಿ ಒಳೆಗೆ ಬುಟ್ಬುಟ್ರು. ಅದ್ರಲ್ಲೇ ಓಗದೆ ಕಣ್ ಮೇಡಂ."

ಕಪಿಲೆಗೆ! ಆ ನೀರು ಇದೇ ನರಸೀಪುರಕ್ಕೆ ಬಂದು ಕಾವೇರಿಗೆ ಸೇರುತ್ತದೆ. ಓಡಿಹೋಗಿ ಸಂಗಮದಲ್ಲಿ ಸೆರಗೊಡ್ಡಿ ನಿಲ್ಲೋಣವೆನಿಸಿತು, ಹುಚ್ಚು.

ಬೇರೆ ದಾರಿಯಿಲ್ಲದೆ, ಕಂಪ್ಯೂಟರಿನಾಕೆ ಆ ಲಾಗಿನ ಹಿಂದಿನವರೆಗೆ ಕೂರಿದ್ದನ್ನೇ ತೆರೆದಳು. ಅಕ್ಕನ ಹೆಸರಿನ ಮುಂದೆ ಬಂತು: ನೋ ನೋನ್ ಅಲರ್ಜೀಸ್, ಆಗಿಬರದ ಮದ್ದು ಯಾವುದೂ ಇಲ್ಲವೆಂದು.

ಇಲ್ಲಿನ ಡಾಕ್ಟರಮ್ಮ ಸಿರಿಂಜ್ ಎತ್ತಿಕೊಂಡರು. ನಾನು ಅವರ ಕೈ ಹಿಡಿದೆ.

"ಅದು ಸುಳ್ಳು, ಡಾಕ್ಟರ್."

"ಹಾಗಾದ್ರೆ ಯಾವುದು ಆಗಲ್ಲ ಹೇಳಿ ಅಮ್ಮ. ಕೊಡದೇ ಇದ್ರೂ ಉಳಿಯಲ್ಲ."

ನಂಜನಗೂಡಿನಲ್ಲಿ ಕೊಟ್ಟ ಆ ಬಾಟಲನ್ನು ನಾನು ನೋಡಿಯೇ ಇರಲಿಲ್ಲ.

ಡಾಕ್ಟರಮ್ಮ ಎಮರ್ಜೆನ್ಸಿ ಟ್ರೇ ಪಕ್ಕಕ್ಕೆಳೆದುಕೊಂಡು, ಅಕ್ಕನ ಮುಂಗೈಯ ಚರ್ಮದಡಿ ಆ ಸಿರಿಂಜಿನದೇ ಒಂದೇ ಒಂದು ಹನಿಯನ್ನು ಪರೀಕ್ಷೆಗೆಂದು ಬಿಟ್ಟು, ಸುತ್ತ ಬಾಲ್‌ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದರು. ಕಣ್ಣು ಮಿಟುಕಿಸಲೂ ಹೆದರಿ ನೋಡುತ್ತಿದ್ದೆ. ಗೆರೆಯೊಳಗೆ ಚರ್ಮ ಕೆಂಪಾಯಿತು, ಸೊಳ್ಳೆ ಕಚ್ಚಿದಂತೆ ಉಬ್ಬಿತು, ಗೆರೆ ದಾಟಿ ಹರಡಿತು.

"ಇದೇ ಇರ್ಬೇಕು," ಎಂದು ಡಾಕ್ಟರಮ್ಮ ಆ ಬಾಟಲನ್ನು ಆಚೆಗಿಟ್ಟರು.

ಅದರ ಮೇಲಿನ ಹೆಸರನ್ನು ಓದಿ ಹೇಳಿದೆ. ಕಂಪ್ಯೂಟರಿನಾಕೆ ಟೈಪ್ ಮಾಡಿದಳು. ಸೇವ್ ಆಯಿತೇ ಎಂದು ಬಗ್ಗಿ ನೋಡಿ, ಮತ್ತೆ ನೋಡಿ, ಮಂಚದ ಬಳಿ ಬಂದೆ. ಡಾಕ್ಟರಮ್ಮ ಬೇರೆ ಮದ್ದಿನ ಬಾಟಲು ಒಡೆದು, ಅಕ್ಕನ ಇನ್ನೊಂದು ಮುಂಗೈಮೇಲೆ ಮತ್ತೆ ಗುಂಡಗೆ ಗೆರೆ ಎಳೆಯುತ್ತಿದ್ದರು.

ಆ ಗೆರೆಯೊಳಗೆ ಏನೂ ಏಳಲಿಲ್ಲ.