ದೊಡ್ಡ ಹಿಟ್ಟಿನ ಉಪ್ಪು

ಅಕ್ಕನಿಗೆ ಗಂಡು ನೋಡುವಾಗ ಭಾವನ ಮುಖಕ್ಕಿಂತ ಮೊದಲು ಅವರ ಮೈಯ ಸುದ್ದಿ ನಮ್ಮ ಮನೆಗೆ ಬಂತು. "ಹುಡುಗ ಬೇಕರೀಲಿ ಹಿಟ್ಟು ನಾದ್ತಾನೆ. ಒಳ್ಳೆಯವನು. ಕುರ್ಚಿ ಮಾತ್ರ ಗಟ್ಟಿಯಾದದ್ದು ಹಾಕಿ," ಅಂದರು ಸೋದರಮಾವ. ನಾವು ಹಾಕಿದ್ದು ಬೆತ್ತದ ಕುರ್ಚಿ. ಮುರೀತು. ಬಿದ್ದಲ್ಲೇ ಕೂತು ಭಾವ, "ಕುರ್ಚಿ ಒಪ್ಪಲಿಲ್ಲ, ಹುಡುಗಿ ಒಪ್ತಾಳಾ ಕೇಳಿ," ಅಂದರು. ಬಾಗಿಲ ಹಿಂದೆ ಅಕ್ಕ ನಕ್ಕಳು. ಮದುವೆ ಆಯಿತು.

ಭಾವ ಯಾರಿಗೂ ಬಗ್ಗುವ ಆಸಾಮಿ ಅಲ್ಲ. ನಾದುವ ಮೆಷಿನ್ನು ಬಂದಾಗ ಮಾಲೀಕರು "ಇನ್ನು ನೀನು ಬಿಲ್ಲು ಬರಿ" ಅಂದರೆ, ಅದರ ಪಕ್ಕದಲ್ಲೇ ನಿಂತು ಕೈಯಲ್ಲಿ ನಾದಿದರು. ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನನ್ನೂ ಅದೇ ಬೇಕರಿಗೆ ಟ್ರೇ ತೊಳೆಯಲು ಸೇರಿಸಿದರು. ಜನ ಆಡಿಕೊಂಡರು. "ಆಡ್ಕೊಳ್ಳೋ ಬಾಯಿಗೆ ಒಂದು ಬನ್ನು ತುರುಕು," ಅಂದರು ಭಾವ.

ಎಪ್ಪತ್ತು ದಾಟಿದರೂ ಭಾವ ನಾದುವ ಮೇಜು ಬಿಟ್ಟಿರಲಿಲ್ಲ. ಆಗ ಉಚ್ಚೆಗೆ ತಿಣುಕಾಟ ಶುರುವಾಯಿತು. ಅಕ್ಕ ಅತ್ತು ಕರೆದು ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ ಮಾಡಿಸಿದಳು. ಕ್ಯಾನ್ಸರ್ ಇದ್ದರೆ ಏರುವ ಅಂಕಿ ಕಡಿಮೆ ಬಂತು. ಭಾವ ಮೀಸೆ ತಿರುವಿದರು. ಡಾಕ್ಟರು ಒಪ್ಪಲಿಲ್ಲ.

"ಇದೊಂದನ್ನೇ ನಂಬೋ ಹಾಗಿಲ್ಲ. ಸೋಂಕಿದ್ರೆ ಏರುತ್ತೆ. ಕೊಲೆಸ್ಟ್ರಾಲ್ ಮಾತ್ರೆ ತಗೊಂಡ್ರೆ ಇಳೀಬಹುದು. ಮೈ ದೊಡ್ಡದಿದ್ರೆ ರಕ್ತವೂ ಜಾಸ್ತಿ, ಅದರಲ್ಲಿ ಬೆರೆತು ಕಡಿಮೆ ಕಾಣಬಹುದು. ಹಿಂದಿನಿಂದ ಬೆರಳು ಹಾಕಿ ಗ್ರಂಥೀನ ಮುಟ್ಟಿ ನೋಡ್ತೀನಿ."

ಭಾವ ಧಡಕ್ಕನೆ ಎದ್ದು ಬೇಕರಿಗೆ ಬಂದರು. "ಪಾಸಾದೋನಿಗೆ ಮತ್ತೆಂಥ ಪರೀಕ್ಷೆ? ಪ್ರಾಣ ಹೋದ್ರೂ ಆ ಬೆರಳು ಬೇಡ!"

ನನ್ನ ಯಜಮಾನರನ್ನು ತಿಂದದ್ದು ಇದೇ ಗ್ರಂಥಿಯ ಕ್ಯಾನ್ಸರ್. ಡಾಕ್ಟರಿಗೆ ತೋರಿಸಲು ನಾಚಿಕೊಂಡೇ ಹೋದರು. ನನಗೆ ರೇಗಿತು. ಟ್ರೇ ಬಿಸಾಕಿ ಸೀದಾ ನಾದುವ ಮೇಜಿಗೆ ಹೋದೆ.

"ಭಾವ, ಒಂದು ಹಿಡಿ ಉಪ್ಪು ಒಂದು ಸೇರು ಹಿಟ್ಟಿಗೆ ಹಾಕಿದ್ರೆ?"

"ಬಾಯಿಗಿಡೋಕಾಗಲ್ಲ."

"ಅದೇ ಹಿಡಿ ಒಂದು ಮೂಟೆಗೆ?"

"ಸಪ್ಪೆ."

"ಉಪ್ಪು ಎಲ್ಲಿಗೆ ಹೋಯ್ತು?"

ನಾದುವ ಕೈ ನಿಂತಿತು. "ನಾನು ಮೂಟೆನಾ?"

"ನಮ್ಮನೆ ಕುರ್ಚಿನ ಕೇಳಿ."

"ಏನೇ ಹೇಳು, ಗಂಡಸಿಗೆ ಮರ್ಯಾದೆ ಅಂತ ಒಂದಿದೆ."

"ನಿಮ್ಮ ಷಡ್ಡಕರೂ ಅದನ್ನೇ ಕಾಪಾಡ್ಕೊಂಡು ಹೋದ್ರು. ಮರ್ಯಾದೆ ಉಳೀತು ಭಾವ, ಅವರು ಉಳೀಲಿಲ್ಲ."

ಭಾವ ಹಿಟ್ಟಿಗೆ ಒಂದು ಗುದ್ದು ಗುದ್ದಿದರು. ಮಾರನೆಯ ಬೆಳಿಗ್ಗೆ ಅಕ್ಕನ ಜೊತೆ ಹೋದರು. ಬೆರಳಿಗೆ ಗಂಟು ಸಿಕ್ಕಿತು. ಮುಂದಿನ ಪರೀಕ್ಷೆಗಳಲ್ಲಿ ಕ್ಯಾನ್ಸರ್ ಅಂತಲೇ ಆಯಿತು. ಇನ್ನೂ ಹರಡಿರಲಿಲ್ಲ, ಚಿಕಿತ್ಸೆ ಹಿಡಿಯಿತು. ತಿರುಗಿ ಬಂದವರು ಬೇಕರಿಯಲ್ಲಿ ಎಲ್ಲರೆದುರು, "ಡಾಕ್ಟರ ಕೈ ನಿಮ್ಮ ಬನ್ನಿಗಿಂತ ಮೆತ್ತಗಿದೆ ಕಣ್ರೋ," ಅಂತ ಸಾರಿದರು.

ಆಮೇಲೆ ಬಹಳ ವರ್ಷ ಬದುಕಿದರು. ಕೊನೆಗೆ ಸೋತದ್ದು ಎದೆ. ಹಾಸಿಗೆ ಹಿಡಿದಾಗ ನನ್ನನ್ನು ಹತ್ತಿರ ಕರೆದರು.

"ನನ್ನ ಹೆಣ ನೋಡೋಕೆ ನನ್ನ ವಯಸ್ಸಿನ ಗಂಡಸರು ಬರ್ತಾರೆ. ಉಚ್ಚೆ ಕಟ್ಟಿದ್ರೂ ಬಾಯಿ ಬಿಡದೋರೇ ಎಲ್ಲ. ಒಬ್ಬೊಬ್ಬರಿಗೂ ಆ ಬೆರಳಿನ ಕತೆ ಹೇಳು. ನಿಮ್ಮಕ್ಕ 'ಸುಮ್ನಿರೇ' ಅಂತಾಳೆ. ಸುಮ್ನಿರಬೇಡ."