ರೋಜಾ ಕೇಳಿದ ಪ್ರಶ್ನೆ

ತಿ. ನರಸೀಪುರದಿಂದ ಸ್ವಲ್ಪ ಆಚೆ ಇರುವ ಊರಿನಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಚನ್ನಯ್ಯನ ಮಗಳು ರೋಜಾ ಮುಂಬೈಯಲ್ಲಿ ಏನು ಕೆಲಸ ಮಾಡುತ್ತಾಳೆಂದು ಕೇರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಕರೆಂಟ್ ಮಾಡೋ ಕಡೆ ದೊಡ್ಡ ಆಫೀಸರ್ರು ಕಣವ್ವಾ," ಎಂದು ತಾಯಿ ಮಂಗಳಮ್ಮ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ರೋಜಾ ಒಂದು ಬಲ್ಬು ಉರಿಯುವಷ್ಟು ಕರೆಂಟನ್ನೂ ಮಾಡಿದವಳಲ್ಲ. ಅಣು ವಿದ್ಯುತ್ ಸ್ಥಾವರ ಕಟ್ಟುವವರು ತಮ್ಮ ವಿನ್ಯಾಸದ ಲೆಕ್ಕಗಳನ್ನು ಪರಿಶೀಲನಾ ಕಚೇರಿಗೆ ಕಳಿಸಬೇಕು. ಅಲ್ಲಿಯವರು ಓದಿ, ಅನುಮಾನ ಬಂದ ಕಡೆ ಪ್ರಶ್ನೆ ಕೇಳುತ್ತಾರೆ. ಉತ್ತರ ಒಪ್ಪಿಗೆಯಾಗುವ ತನಕ ಆ ಕೆಲಸ ಮುಂದೆ ಹೋಗುವಂತಿಲ್ಲ. ರೋಜಾಳ ಪಾಲಿಗೆ ಬಂದದ್ದು ಪೈಪುಗಳು. ಇನ್ನೊಬ್ಬರ ಲೆಕ್ಕದಲ್ಲಿ ಹುಳುಕು ಹುಡುಕಿ ಸಂಬಳ ತೆಗೆದುಕೊಳ್ಳುವವಳು ತಾನು ಎಂದು ಅವಳೇ ನಗುತ್ತಿದ್ದಳು.

ಅವಳ ಕೆಲಸ ಒಂದಿಷ್ಟು ಅರ್ಥವಾಗುತ್ತಿದ್ದುದು ತಮ್ಮ ಕೃಷ್ಣನಿಗೆ. ಅವನು ಐಟಿಐ ಮುಗಿಸಿ ನಂಜನಗೂಡಿನ ಪಕ್ಕ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ. ದೊಡ್ಡ ಪೈಪುಗಳನ್ನು ಗೋಡೆಗೋ ತೊಲೆಗೋ ಬಿಗಿದು ನಿಲ್ಲಿಸುವ ಉಕ್ಕಿನ ಸಪೋರ್ಟುಗಳನ್ನು ಅಲ್ಲಿ ಮಾಡುತ್ತಿದ್ದರು. "ನೀನು ಕಾಗ್ದದಲ್ಲಿ ನೋಡೋದ ನಾನು ಕೈಯಲ್ಲಿ ಮುಟ್ತೀನಿ ಕಣಕ್ಕ," ಎಂದು ಫೋನಿನಲ್ಲಿ ರೇಗಿಸುತ್ತಿದ್ದ. ಹೊಸ ಅಣುಸ್ಥಾವರವೊಂದಕ್ಕೆ ಸಪೋರ್ಟು ಮಾಡಿಕೊಡುವ ಆರ್ಡರು ಸಿಕ್ಕಿದ ದಿನ ಕಾರ್ಖಾನೆಯವರು ಎಲ್ಲರಿಗೂ ಮೈಸೂರ್ ಪಾಕ್ ಹಂಚಿದ್ದರು. ಮಾಲೀಕ ಅಮೃತೇಶ್ ಹೊಸದೊಂದು ಶೆಡ್ಡನ್ನೇ ಎಬ್ಬಿಸಿದ. ಕೃಷ್ಣನ ಮಾತಿನ ಮೇಲೆ ಕೇರಿಯ ಪುಟ್ಟಮಾದಮ್ಮನ ಮಗ ಮಾದುವಿಗೂ ಅಲ್ಲಿ ಕೆಲಸವಾಯಿತು.

ಅದೇ ಸ್ಥಾವರದ ಪೈಪುಗಳ ಲೆಕ್ಕ ಮುಂಬೈಯಲ್ಲಿ ರೋಜಾಳ ಮೇಜಿಗೆ ಬಂತು. ವಿನ್ಯಾಸ ಮಾಡಿದವರ ಹೆಸರು ಅದರಲ್ಲಿತ್ತು, ಸಪೋರ್ಟು ಮಾಡಿಕೊಡುವವರ ಹೆಸರಿರಲಿಲ್ಲ. ಭೂಕಂಪವಾದರೆ ಪೈಪು ಎಷ್ಟು ಅಲುಗುತ್ತದೆಂದು ಲೆಕ್ಕ ಹಾಕಿದವರು, ಅದನ್ನು ಹಿಡಿದಿರುವ ಸಪೋರ್ಟು ಒಂದು ಕೂದಲೆಳೆಯೂ ಬಾಗುವುದಿಲ್ಲ ಎಂದು ಇಟ್ಟುಕೊಂಡಿದ್ದರು. ಉಕ್ಕಾದರೂ ಬಾಗುತ್ತದೆ. ಬಾಗಿದರೆ ಪೈಪಿನ ಓಲಾಟವೇ ಬೇರೆಯಾಗುತ್ತದೆ. ಬಾಗುವುದಿಲ್ಲ ಎನ್ನುವುದಕ್ಕೆ ಆಧಾರವೇನು ಎಂದು ರೋಜಾ ಬರೆದಳು. ಅಂಥ ಪ್ರಶ್ನೆಗಳನ್ನು ಅವಳು ಎಷ್ಟೋ ಕೇಳಿದ್ದಳು. ಬರೆದು ಸಹಿ ಮಾಡಿ ಊಟಕ್ಕೆ ಹೋದಳು.

ವಿನ್ಯಾಸದವರ ಬಳಿ ಉತ್ತರವಿರಲಿಲ್ಲ. ಹೊಸದಾಗಿ ಲೆಕ್ಕ ಮಾಡುತ್ತೇವೆ, ಕಾಲಾವಕಾಶ ಕೊಡಿ ಎಂದರು. ಅಲ್ಲಿಯವರೆಗೆ ಸಪೋರ್ಟುಗಳ ತಯಾರಿ ನಿಲ್ಲಿಸಿ ಎಂದು ತಾಂಡ್ಯಕ್ಕೆ ಪತ್ರ ಹೋಯಿತು. ಯಾಕೆ ನಿಂತಿತು, ಯಾರು ನಿಲ್ಲಿಸಿದರು ಎಂದು ಅಮೃತೇಶ್ ಅವರಿವರನ್ನು ಕೇಳುತ್ತಾ ಹೋಗಿ ಕೊನೆಗೆ ಒಂದು ಹೆಸರು ಹಿಡಿದ. ಆ ಹೆಸರಿನವಳ ತಮ್ಮ ತನ್ನ ಶೆಡ್ಡಿನಲ್ಲೇ ವೆಲ್ಡಿಂಗ್ ಮಾಡುತ್ತಿದ್ದ.

ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಗೆಂದು ರೋಜಾ ಊರಿಗೆ ಬಂದಳು. ಮಾರನೆಯ ಬೆಳಿಗ್ಗೆ ಕೇರಿಯೊಳಕ್ಕೆ ಒಂದು ಬಿಳಿ ಕಾರು ಬಂತು. ಮುಂದೆ ಕೃಷ್ಣ ಕೂತಿದ್ದ. ಹಿಂದಿನಿಂದ ಇಳಿದವನು ಅಮೃತೇಶ್, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಅವರ ಪೈಕಿಯ ಯಾರೂ ಚನ್ನಯ್ಯನ ಮನೆ ಹೊಸಲು ದಾಟಿದ್ದಿಲ್ಲ. ಅಮೃತೇಶ್ ದಾಟಿದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಮಂಗಳಮ್ಮ ಅಂಜುತ್ತಂಜುತ್ತಲೇ ತಂದಿಟ್ಟ ಟೀಯನ್ನು ಎಲ್ಲರೂ ನೋಡುತ್ತಿರುವಂತೆ ಕುಡಿದು, "ಚೆನ್ನಾಗದೆ ಕಣಮ್ಮ," ಎಂದ. ಮಂಗಳಮ್ಮನ ಕಣ್ಣಲ್ಲಿ ನೀರಾಡಿತು.

ಆಮೇಲೆ ರೋಜಾಳ ಕಡೆ ತಿರುಗಿದ. "ಮೇಡಂ, ನಾನು ಸುಳ್ಳು ಬರೀರಿ ಅಂತ ಕೇಳ್ತಿಲ್ಲ. ಲೆಕ್ಕ ಬರೋದು ಬರಲಿ. ಅಲ್ಲಿಗಂಟ ತಯಾರಿ ನಡೀಲಿ ಅಂತ ನಿಮ್ಮಿಂದ ಒಂದು ಮಾತು ಬಂದ್ರೆ ಸಾಕು. ನಿಮ್ಮ ತಮ್ಮನಂಥೋರು ಎಷ್ಟು ಜನ ಅವ್ರೆ ನಮ್ಮಲ್ಲಿ."

ಅಣುಸ್ಥಾವರದ ಆರ್ಡರು ಎಂದಷ್ಟೇ ಕೃಷ್ಣ ಫೋನಿನಲ್ಲಿ ಹೇಳಿದ್ದ. ಅವು ತನ್ನ ಫೈಲಿನ ಸಪೋರ್ಟುಗಳೇ ಎಂದು ರೋಜಾಳಿಗೆ ಗೊತ್ತಾದದ್ದೇ ಆಗ. ಕೃಷ್ಣ ಬಾಗಿಲ ಬಳಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದ.

"ಸರ್, ಈ ಫೈಲಿನ ಬಗ್ಗೆ ಇಲ್ಲಿ ನಾನು ಮಾತಾಡೋ ಹಾಗಿಲ್ಲ," ಎಂದಳು. ಆಮೇಲೆ, "ನೀವು ಮನೆಗೆ ಬಂದಿದ್ದನ್ನೂ ಆಫೀಸಿಗೆ ತಿಳಿಸಬೇಕಾಗುತ್ತೆ," ಎಂದಳು.

ಅಮೃತೇಶ್ ಜಗಳವಾಡಲಿಲ್ಲ. ಲೋಟವನ್ನು ಕೆಳಗಿಟ್ಟು, ಚನ್ನಯ್ಯನಿಗೆ ಕೈಮುಗಿದು ಹೊರಟ. ಕಾರು ತಿರುಗಿ ಹೋಯಿತು. ಕೃಷ್ಣ ಆ ಕಾರಿನಲ್ಲಿ ಹೋಗಲಿಲ್ಲ, ಅವನನ್ನು ಹತ್ತು ಎಂದು ಯಾರೂ ಕರೆಯಲಿಲ್ಲ.

"ನಮ್ಮನೆ ಟೀ ಕುಡ್ದ ದೇವ್ರಂಥ ಮನ್ಸ," ಮಂಗಳಮ್ಮ ಎದೆ ಬಡಿದುಕೊಂಡಳು. "ಅವ್ರ ಮಾತ ನೆಲುಕ್ಕಾಕ್ಬುಟ್ಯಲ್ಲ ರೋಜಾ! ಓದುಸ್ದುದ್ದು ಇದಕ್ಕೇನವ್ವಾ?"

ಅವನು ಟೀ ಕುಡಿದದ್ದು ತನ್ನ ಸಹಿಗಾಗಿ ಎಂದು ರೋಜಾಳ ನಾಲಗೆಯ ತುದಿಗೆ ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡಳು.

ಮುಂಬೈಗೆ ಹೋದವಳೇ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದಳು. ತಮ್ಮ ಅಲ್ಲಿ ಕೆಲಸಕ್ಕಿರುವುದು, ಮಾಲೀಕ ಮನೆಗೆ ಬಂದದ್ದು. ಅವರು ಫೈಲನ್ನು ಅವಳಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಪ್ರಶ್ನೆ ಹಾಗೆಯೇ ಉಳಿಯಿತು. ಅದನ್ನು ಕೇಳಿದವಳಿಗೆ ಇನ್ನು ಅದರ ಸುದ್ದಿ ಕೇಳುವ ಅಧಿಕಾರವೂ ಇರಲಿಲ್ಲ. ಕಚೇರಿಯಿಂದ ವಿಷಯ ತಿಳಿದು ಸ್ಥಾವರದವರು ಅಮೃತೇಶನಿಗೆ ಎಚ್ಚರಿಕೆಯ ಪತ್ರ ಬರೆದರು. ಆ ವಾರವೇ ಅವನು ಕೃಷ್ಣನನ್ನು ಕೆಲಸದಿಂದ ತೆಗೆದ.

ಕೃಷ್ಣ ಅಕ್ಕನಿಗೆ ಫೋನು ಮಾಡಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಅವಳೇ ಮಾಡಿದರೆ, "ಊಟಾಯ್ತಾ? ಸರಿ," ಎಂದು ಇಟ್ಟುಬಿಡುತ್ತಿದ್ದ. ನಂಜನಗೂಡಿನ ಬಾಡಿಗೆ ಮನೆ ಬಿಟ್ಟು ಹೆಂಡತಿಯೊಂದಿಗೆ ಊರಿಗೆ ಬಂದು, ಯಾರದೋ ಗೂಡ್ಸ್ ಆಟೋ ಹಿಡಿದು ನರಸೀಪುರದ ಮಾರ್ಕೆಟ್ಟಿಗೆ ತರಕಾರಿ ಹೊಡೆಯತೊಡಗಿದ. ದಸರಾ ಹೊತ್ತಿಗೆ ಹೊಸ ಶೆಡ್ಡಿಗೂ, ಕೊನೆಗೆ ಕಾರ್ಖಾನೆಗೂ ಬೀಗ ಬಿತ್ತು. ಮಾದುವಿನ ಕೆಲಸವೂ ಹೋಯಿತು. ಪುಟ್ಟಮಾದಮ್ಮ ಮಾರ್ಕೆಟ್ಟಿನ ನಡುವೆಯೇ ಮಂಗಳಮ್ಮನನ್ನು ನಿಲ್ಲಿಸಿ, "ನಿನ್ ಮಗ್ಳು ಆಫೀಸರ್ರಾಗಿ ನಮ್ ಐಕ್ಳ ಬಾಯ್ಗೆ ಮಣ್ಣಾಕುದ್ಲು ಕಣಮ್ಮಿ," ಎಂದಳು. ಅಂದಿನಿಂದ ಮಂಗಳಮ್ಮ ಸಂತೆಯಲ್ಲಿ ಮಗಳ ಮಾತೆತ್ತುವುದನ್ನು ಬಿಟ್ಟಳು. ಚನ್ನಯ್ಯ ಮಾತ್ರ ಫೋನಿನಲ್ಲಿ ಒಮ್ಮೆ, "ನಿಂಗೆ ಸರಿ ಕಂಡುದ್ದ ಮಾಡುದ್ದೀಯೆ, ಬುಡು ಅತ್ಲಾಗೆ," ಎಂದಿದ್ದ. ಆದರೆ ಈ ಸಲ ಹಬ್ಬಕ್ಕೆ ಬಾ ಎಂದು ಅವನೂ ಕರೆಯಲಿಲ್ಲ.

ಎರಡು ವರ್ಷ ಹಾಗೇ ಕಳೆಯಿತು. ಒಂದು ದಿನ ಕಚೇರಿಯ ಕ್ಯಾಂಟೀನಿನಲ್ಲಿ ಅವಳ ಫೈಲನ್ನು ವಹಿಸಿಕೊಂಡಿದ್ದ ಸಹೋದ್ಯೋಗಿ ಎದುರು ಕೂತು, ಆ ಪ್ರಶ್ನೆ ಮುಗಿಯಿತು ಎಂದ. ಸಪೋರ್ಟುಗಳು ಬಾಗುವುದನ್ನೂ ಸೇರಿಸಿ ಹೊಸ ಲೆಕ್ಕ ಬಂದಿತ್ತು. ಕೆಲವು ಮಿತಿಯ ಅಂಚಿನ ತನಕ ಹೋಗಿದ್ದವು, ಆದರೂ ಎಲ್ಲವೂ ತಡೆದುಕೊಂಡವು. ಒಂದನ್ನೂ ಬದಲಿಸಬೇಕಾಗಿರಲಿಲ್ಲ. ಕೇಳಿದ್ದು ಒಳ್ಳೆಯದೇ ಆಯಿತು, ಈಗ ನೆಮ್ಮದಿ ಎಂದು ಅವನು ಮೊಸರನ್ನ ಕಲಸಿಕೊಂಡ. ತಾಂಡ್ಯದ ಕಾರ್ಖಾನೆ ಮುಚ್ಚಿದ್ದರಿಂದ ಆರ್ಡರನ್ನು ಗುಜರಾತಿನವರಿಗೆ ಕೊಟ್ಟಿದ್ದರು. ರೋಜಾ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಂದು ಸಪೋರ್ಟಾದರೂ ಸೋತಿದ್ದರೆ ಎಂದು ಒಂದು ಗಳಿಗೆ ಅವಳ ಮನಸ್ಸು ಆಸೆಪಟ್ಟಿತು. ಆ ಆಸೆಗೆ ಅವಳೇ ಹೇಸಿದಳು.

ಯಾರೂ ಕರೆಯದಿದ್ದರೂ ಆ ಏಪ್ರಿಲ್‌ನಲ್ಲಿ ಊರಿಗೆ ಹೋದಳು. ಹೊರಡುವ ದಿನ ಊರಿನ ಬಸ್ಸು ಕೈಕೊಟ್ಟಿತು. ಚನ್ನಯ್ಯ ಹೇಳಿದ ಮೇಲೆ ಕೃಷ್ಣ ಅವಳ ಬ್ಯಾಗನ್ನು ಟೊಮೆಟೊ ಕ್ರೇಟುಗಳ ಪಕ್ಕಕ್ಕೆ ಎತ್ತಿಟ್ಟು, ಅವಳನ್ನು ತನ್ನ ಪಕ್ಕ ಕೂರಿಸಿಕೊಂಡು ನರಸೀಪುರದ ಕಡೆ ಆಟೋ ಬಿಟ್ಟ. ಸೇತುವೆ ಬಂತು. ರೋಜಾಳೇ ಬಾಯಿಬಿಟ್ಟಳು.

"ಕೃಷ್ಣ, ಲೆಕ್ಕ ಬಂತಂತೆ. ಎಲ್ಲಾ ಸಪೋರ್ಟೂ ಸರಿಯಾಗೇ ಇದ್ವು."

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಾವ್ ಮಾಡುದ್ದು ಸರಿಯಾಗಿತ್ತು ಅಂತಾವ?"

"ನೀವು ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಅನ್ನಲಿಲ್ಲ ಕಣೋ. ಸರಿ ಅಂತ ಅವರು ತೋರಿಸಿರಲಿಲ್ಲ, ಅಷ್ಟೆ."

"ನೀನು ಕೇಳ್ದೆ ಸುಮ್ಕಿದ್ದಿದ್ರೆ ಏನಾಯ್ತಿತ್ತಕ್ಕ?"

ಸುಳ್ಳು ಹೇಳಬಹುದಿತ್ತು. ಏನೋ ಆಗುತ್ತಿತ್ತು, ದೊಡ್ಡ ಅನಾಹುತವೇ ತಪ್ಪಿತು ಎಂದರೆ ಅವನು ನಂಬುತ್ತಿದ್ದ. ಬಹುಶಃ ಕ್ಷಮಿಸುತ್ತಲೂ ಇದ್ದ.

"ಏನೂ ಆಗ್ತಿರಲಿಲ್ಲ," ಎಂದಳು. "ಆದ್ರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ ಕೃಷ್ಣ. ಗೊತ್ತಿಲ್ಲದೆ ಹೆಂಗೆ ಬಿಡೋದು?"

ಕೃಷ್ಣ ಗೇರು ಬದಲಿಸಿದ. ಬಸ್ ಸ್ಟ್ಯಾಂಡಿನ ಮುಂದೆ ಆಟೋ ನಿಲ್ಲಿಸಿ ಬ್ಯಾಗನ್ನು ಇಳಿಸಿಕೊಟ್ಟ. ಮೈಸೂರಿನ ಬಸ್ಸು ನಿಂತೇ ಇತ್ತು. "ಉಷಾರಾಗೋಗು," ಎಂದ, ಅಪರಿಚಿತ ಹೆಂಗಸರಿಗೂ ಹೇಳುವಂತೆ. ಅವಳು ಇನ್ನೇನೋ ಹೇಳಲು ಹೋಗುವಷ್ಟರಲ್ಲಿ ಆಟೋ ಮಾರ್ಕೆಟ್ಟಿನ ಕಡೆ ತಿರುಗಿಯಾಗಿತ್ತು.