ಮೇಲೇಳದ ಹಳದಿ ಬಾವುಟ

ನಾನು ಬಾವುಟ ಬೀಸಲಿಲ್ಲ.

ಬೀಸಿದೆ ಅಂತ ಹೇಳಿದೆ. ಹೇಳಿ ವರ್ಷಗಳೇ ಕಳೆದವು. ನನ್ನ ಆ ಒಂದು ಮಾತನ್ನು ನಂಬಿ ನನ್ನ ಅಕ್ಕನ ಮಗ ಚರಣ ತನ್ನ ಕಣ್ಣನ್ನೇ ನಂಬುವುದು ಬಿಟ್ಟ. ಇದನ್ನು ಮೊದಲು ಹೇಳಬೇಕಾದದ್ದು ಅವನಿಗೆ, ನಿಮಗಲ್ಲ. ಆದರೂ ನಿಮಗೆ ಬರೆಯುತ್ತ ಕೂತಿದ್ದೇನೆ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ — ಅದೂ ಮೆಚ್ಚುವಂಥ ಕಾರಣವೇನಲ್ಲ.

ನಮ್ಮದು ಚಿತ್ರದುರ್ಗದ ಕಡೆ. ಅಕ್ಕನನ್ನು ವಿಜಯವಾಡಕ್ಕೆ ಕೊಟ್ಟಿದ್ದು. ಭಾವ ತೆಲುಗಿನವರು, ಆಟೋನಗರದಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ. ನಾನು ಕೆಲಸ ಹುಡುಕುತ್ತ ವಿಶಾಖಪಟ್ಟಣಕ್ಕೆ ಬಂದು, ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಮನುಷ್ಯನಾದೆ. ಚರಣ ಇಂಜಿನಿಯರಿಂಗ್ ಓದಲು ಬಂದಾಗ ನಮ್ಮ ಮನೆಯಲ್ಲೇ ಇದ್ದ. ಕನ್ನಡ ಅವನಿಗೆ ಊಟದ ಹೊತ್ತಿನ ಭಾಷೆ — ಅಮ್ಮನ ಜೊತೆ, ನನ್ನ ಜೊತೆ. ಸಿಟ್ಟು ಬಂದರೆ, ಖುಷಿಯಾದರೆ, ಬಾಯಿಗೆ ಬರುತ್ತಿದ್ದದ್ದು ತೆಲುಗೇ.

ಒಂದು ರಜೆಯಲ್ಲಿ ಊರಿಗೆ ಹೋದವನು ಭಾವನ ಅಂಗಡಿಯ ಹಿಂದೆ ಬಿದ್ದಿದ್ದ ಹಳೇ ಬೈಕೊಂದನ್ನು ತಂದ. ಹೆಡ್‌ಲೈಟು, ಇಂಡಿಕೇಟರು, ಸೀರೆ ಗಾರ್ಡು ಎಲ್ಲ ಕಳಚಿ, ಮಣ್ಣು ಕಚ್ಚುವಂಥ ದಪ್ಪ ಹಲ್ಲಿನ ಟೈರು ಹಾಕಿ, ಗುಡ್ಡದ ಮಣ್ಣಿನ ರೇಸಿಗೆ ಇಳಿಸಿದ. ಭಾನುವಾರ ಸಂಜೆ ಅದನ್ನು ತೊಳೆಯುತ್ತ ಕೂತರೆ ಏಳುತ್ತಿರಲಿಲ್ಲ. ಎಮ್ಮೆ ತೊಳೆದ ಹಾಗೆ ತೊಳೀತೀಯಲ್ಲೋ ಅಂದರೆ, ಎಮ್ಮೆ ಹಾರಲ್ಲ ಮಾವಾ, ಅನ್ನುತ್ತಿದ್ದ. ಅಕ್ಕ ಫೋನಿನಲ್ಲಿ ಅತ್ತಳು. ನಾನೇ ಸಮಾಧಾನ ಮಾಡಿದೆ: ಅಲ್ಲಿ ನಾನಿರ್ತೀನಲ್ಲ, ಯಾಕೆ ಹೆದರ್ತೀಯ.

ಋಷಿಕೊಂಡ ದಾಟಿ ಮುಂದೆ ಹೋದರೆ ಕೆಂಪು ಮಣ್ಣಿನ ದಿಬ್ಬಗಳಿದ್ದವು. ಹವ್ಯಾಸಿ ಹುಡುಗರೇ ಸೇರಿ ಅಲ್ಲಿ ಓಟ ನಡೆಸುತ್ತಿದ್ದರು. ಬಾವುಟ ಹಿಡಿಯಲು ಬೇರೆ ಜನ ಎಲ್ಲಿಂದ ಬರಬೇಕು — ಪ್ರತಿ ಸವಾರನೂ ತನ್ನ ಕಡೆಯಿಂದ ಒಬ್ಬರನ್ನು ಕೊಡಬೇಕು ಅಂತ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಅಪ್ಪನೋ, ಅಣ್ಣನೋ, ಗೆಳೆಯನೋ. ಚರಣನ ಕಡೆಯವನು ನಾನು. ನನ್ನ ಪಾಲಿಗೆ ಬಂದದ್ದು ದೊಡ್ಡ ದಿಬ್ಬ. ಗಾಡಿಗಳು ಈಚೆಯಿಂದ ಏರಿ, ಗಾಳಿಯಲ್ಲಿ ಹಾರಿ, ಆಚೆ ಇಳಿಯುತ್ತವೆ. ಏರುವವನಿಗೆ ಆಚೆ ಏನಿದೆಯೆಂದು ಕಾಣುವುದಿಲ್ಲ. ಅಲ್ಲಿ ಯಾರಾದರೂ ಬಿದ್ದಿದ್ದರೆ, ನೆತ್ತಿಯ ಪಕ್ಕ ನಿಂತವನು ಹಳದಿ ಬಾವುಟ ಬೀಸಬೇಕು. ಬೀಸಿದರೆ ಹಾರುವಂತಿಲ್ಲ, ಮೆಲ್ಲಗೆ ಹತ್ತಿ ಇಳಿಯಬೇಕು. ಇಷ್ಟೇ ನನ್ನ ಕೆಲಸ.

ಮನೆಯ ತಾರಸಿಯಲ್ಲಿ ಹಳದಿ ಟವೆಲು ಕೊಟ್ಟು ಚರಣನೇ ಕಲಿಸಿದ್ದ. ಆಗ ಅವನು ಹೇಳಿದ ಮಾತು ಇವತ್ತಿಗೂ —

"ಆಚೆ ಏನಿದೆಯೋ ನಂಗೆ ಕಾಣಲ್ಲ ಮಾವಾ. ನಿನ್ನ ಕೈ ನೋಡಿ ಹಾರ್ತೀನಿ. ಬರ್ತಿರೋದು ನಾನೇ ಆದ್ರೂ ಬೀಸ್ಬೇಕು."

ಅಲ್ಲಿ ಸತ್ತಿಬಾಬು ಅಂತ ಒಬ್ಬ ಹುಡುಗನಿದ್ದ, ಭೀಮಿಲಿ ಕಡೆಯವನು. ಚರಣ ಎಷ್ಟು ತಿಣುಕಿದರೂ ಅವನ ಹಿಂದೆಯೇ. ನನ್ನನ್ನು ಜೆಂಡಾ ಬಾಬಾಯ್, ಬಾವುಟದ ಚಿಕ್ಕಪ್ಪ, ಅಂತ ಕರೆಯುತ್ತಿದ್ದ. ಓಟ ಮುಗಿದ ಮೇಲೆ ಹತ್ತಿರ ಬಂದು, ಆ ಬಾವುಟದಲ್ಲಿ ನಿಮ್ಮ ಅಳಿಯನಿಗೆ ಸ್ವಲ್ಪ ಗಾಳಿ ಹಾಕಿ ಬಾಬಾಯ್, ನನ್ನ ಧೂಳು ಕುಡಿದು ಸುಸ್ತಾಗಿದ್ದಾನೆ, ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಚರಣನೂ. ನಾನೂ ನಗುತ್ತಿದ್ದೆ. ಆದರೆ ಅದು ನನಗೆ ಎಲ್ಲೋ ಚುಚ್ಚಿ ಒಳಗೇ ಉಳಿದಿತ್ತು — ಅದು ಗೊತ್ತಾದದ್ದು ಆ ದಿನ.

ಕೊನೆಯ ಸುತ್ತು. ಮುಂದೆ ಸತ್ತಿ, ಅವನ ಬೆನ್ನಿಗೇ ಚರಣ. ಸತ್ತಿ ಹಾರಿದ, ಇಳಿಯುವಾಗ ಮುಂದಿನ ಚಕ್ರ ಸೊಟ್ಟಗಾಗಿ ದಿಬ್ಬದ ಬುಡದಲ್ಲೇ ಉರುಳಿದ. ಗಾಡಿ ಒಂದು ಕಡೆ, ಅವನೊಂದು ಕಡೆ. ಕೈಯೂರಿ ಏಳಲು ನೋಡುತ್ತಿದ್ದ. ನಾನು ಕಂಡೆ. ಚೆನ್ನಾಗಿ ಕಂಡೆ.

ಎಡಗೈಯಲ್ಲಿ ಮೊಬೈಲಿತ್ತು, ಅಕ್ಕನಿಗೆ ಕಳಿಸಲು ವಿಡಿಯೊ ತೆಗೆಯುತ್ತಿದ್ದೆ, ಅದಕ್ಕೇ ತಡವಾಯಿತು — ಬಹಳ ಕಾಲ ನನಗೆ ನಾನೇ ಹೀಗೆ ಹೇಳಿಕೊಂಡೆ. ಸುಳ್ಳು. ಬಾವುಟ ಇದ್ದದ್ದು ಬಲಗೈಯಲ್ಲಿ. ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ನಿಜ ಏನೆಂದರೆ — ಸತ್ತಿ ಬಿದ್ದದ್ದು ನೋಡಿ ನನಗೆ ಖುಷಿಯಾಯಿತು. ಇವತ್ತು ನಮ್ಮವನು ಗೆದ್ದ, ಅಂದುಕೊಂಡೆ. ಅಂದುಕೊಳ್ಳುವಷ್ಟು ಹೊತ್ತು ಕೈ ಮೇಲೇಳಲಿಲ್ಲ. ಚರಣ ದಿಬ್ಬ ಏರುತ್ತ ನನ್ನ ಕಡೆ ತಿರುಗಿದ. ನನ್ನ ಕೈ ನೋಡಿದ. ಕೈ ಕೆಳಗಿತ್ತು. ಹಾರಿದ.

ಅವನ ಗಾಡಿ ಇಳಿದದ್ದು ಸತ್ತಿಯ ತೊಡೆಯ ಮೇಲೆ. ಆ ಸದ್ದನ್ನು ನಾನು ಬರೆಯಲಾರೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಮೊದಲು ಮಾಡಿದ ಕೆಲಸ ಆ ವಿಡಿಯೊ ಅಳಿಸಿದ್ದು. ಅಷ್ಟರಲ್ಲಿ ಓಟ ನಡೆಸುತ್ತಿದ್ದ ಹುಡುಗ ಬಂದು ಕೇಳಿದ, "ಜೆಂಡಾ ಊಪಾರಾ, ಬಾಬಾಯ್?" ಬಾವುಟ ಬೀಸಿದ್ರಾ?

"ಊಪಾನು," ಅಂದೆ. ಬೀಸಿದೆ.

ಚರಣ ಪಕ್ಕದಲ್ಲೇ ಇದ್ದ, ಮೈಯೆಲ್ಲ ಕೆಂಪು ಮಣ್ಣು. ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ. ಆಮೇಲೆ ಆ ಹುಡುಗನಿಗೆ ತೆಲುಗಿನಲ್ಲಿ ಹೇಳಿದ: ಮಾವ ಬೀಸಿದೆ ಅಂದ್ರೆ ಬೀಸಿರ್ತಾರೆ, ನಾನೇ ನೋಡಲಿಲ್ಲ.

ಆಗಲಾದರೂ — ಆ ಕ್ಷಣದಲ್ಲಾದರೂ —

ಕೆಲವು ದಿನ ಬಿಟ್ಟು, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಮಾವಾ, ಅಂದ. ನಾನೇ ಕರೆದುಕೊಂಡು ಹೋದೆ. ಯೋಚಿಸಿ ನೋಡಿ, ನಾನೇ. ಡಾಕ್ಟರು ದೀಪ ಬಿಟ್ಟು ನೋಡಿ, ಅಕ್ಷರ ಓದಿಸಿ, ಏನೂ ದೋಷವಿಲ್ಲ ಅಂದರು. ಬೀಚ್ ರೋಡಿನಲ್ಲಿ ವಾಪಸು ಬರುವಾಗ ಸಮುದ್ರದ ಕಡೆ ಮುಖ ಮಾಡಿಕೊಂಡು ಅವನು ಮೆಲ್ಲಗೆ ಹೇಳಿದ:

"ಕಣ್ಣು ಸರಿಯಾಗೇ ಇದೆಯಂತೆ. ಹಂಗಾದ್ರೆ ಬಾವುಟ ನೋಡಿನೂ ಹಾರಿದ್ನೇನೋ ಮಾವಾ."

ನಾನು ಅವನಿಗೆ ಎಳನೀರು ಕೊಡಿಸಿದೆ.

ಆಮೇಲೆ ಅವನು ಆ ಗಾಡಿ ಹತ್ತಲಿಲ್ಲ. ಓದು ಮುಗಿಸಿ ವಿಜಯವಾಡಕ್ಕೆ ಹೋಗಿ ಅಪ್ಪನ ಅಂಗಡಿಯಲ್ಲಿ ಕೂತ. ಸತ್ತಿಯ ಕಾಲು ಗಿಡ್ಡವಾಯಿತು; ಈಗ ಎಳೆದುಕೊಂಡು ನಡೆಯುತ್ತಾನೆ. ವಿಶಾಖಪಟ್ಟಣಕ್ಕೆ ಬಂದಾಗಲೆಲ್ಲ ಚರಣ ಅವನ ಮನೆಗೆ ಹೋಗಿ ತಲೆ ತಗ್ಗಿಸಿ ಕೂತು ಬರುತ್ತಾನೆ. ಆಟದಲ್ಲಿ ಆದದ್ದು ಬಿಡು ಅಂತ ಸತ್ತಿಯೇ ಸಮಾಧಾನ ಹೇಳುತ್ತಾನಂತೆ. ದಾರಿಯಲ್ಲಿ ಸಿಕ್ಕರೆ ನನ್ನನ್ನು ಈಗಲೂ ಜೆಂಡಾ ಬಾಬಾಯ್ ಅಂತಲೇ ಕೂಗುತ್ತಾನೆ.

ಇನ್ನೊಂದು ಹೇಳಿಬಿಡುತ್ತೇನೆ. ಅಜ್ಜಿಯ ಬಾಯಿಂದ ಮಾತು ಕಲಿತವನು ನಾನು. ಏನೇ ನಡೆದರೂ ಅದನ್ನೊಂದು ಕಥೆ ಮಾಡಿ ಹೇಳುವ ಚಟ. ಈ ಕಥೆಯನ್ನೂ ಬಿಡಲಿಲ್ಲ. ಕಂಪನಿ ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ, ಬಾವುಟ ಹೇಗೆ ಬೀಸಿದೆ, ಎಷ್ಟು ಕೂಗಿಕೊಂಡೆ ಅಂತ ಕೈಯೆತ್ತಿ ಬೀಸಿ ತೋರಿಸಿದ್ದೇನೆ. ಒಮ್ಮೆ ಚರಣನೂ ಆ ಗುಂಪಿನಲ್ಲಿ ಕೂತು ಕೇಳುತ್ತಿದ್ದ. ದಿಬ್ಬದ ಮೇಲೆ ಏಳದ ಕೈ ಅಲ್ಲಿ ಎಷ್ಟು ಸಲೀಸಾಗಿ ಎದ್ದಿತು!

ಹೋದ ತಿಂಗಳು ವಿಜಯವಾಡಕ್ಕೆ ಹೋಗಿದ್ದೆ. ಚರಣನಿಗೆ ಈಗ ಪುಟ್ಟ ಮಗಳಿದ್ದಾಳೆ. ಸ್ಕೂಟರಿನಲ್ಲಿ ಕೃಷ್ಣೆಯ ದಂಡೆಗೆ ಕರಕೊಂಡು ಹೋಗು ನಾನ್ನಾ ಅಂತ ಅಪ್ಪನನ್ನು ಪೀಡಿಸುತ್ತಿದ್ದಳು. ಅವನು ಮಗಳನ್ನು ಗಾಡಿಯಲ್ಲಿ ಕೂರಿಸುವುದೇ ಇಲ್ಲವಂತೆ. ಶಾಲೆಗೂ ನಡೆಸಿಕೊಂಡೇ ಹೋಗುತ್ತಾನೆ. ಕೀ ತಂದು ನನ್ನ ಕೈಗಿಟ್ಟ.

"ತಾತನ ಜೊತೆ ಹೋಗಮ್ಮಾ," ಅಂದ. "ತಾತ ನೋಡಿ ಓಡಿಸ್ತಾರೆ."

ಹೋಗಿ ಬಂದೆವು. ಮಗು ಮುಂದೆ ನಿಂತು ಗಾಳಿಗೆ ಮುಖ ಕೊಟ್ಟು ನಗುತ್ತಿತ್ತು. ತಿರುಗಿ ಬಂದಾಗ ಅವನು ಬೀದಿಯ ಕೊನೆಯಲ್ಲೇ ಕಾಯುತ್ತ ನಿಂತಿದ್ದ. ಆಗಲೂ ಹೇಳಲಿಲ್ಲ.

ಇದನ್ನು ಕನ್ನಡದಲ್ಲಿ ಬರೆದದ್ದು ಯಾಕೆಂದರೆ — ಅವನಿಗೆ ಕನ್ನಡ ಓದಲು ಬಾರದು. ಬರೆದ ಹಾಗೂ ಆಯಿತು, ಅವನಿಗೆ ಗೊತ್ತಾಗದ ಹಾಗೂ ಆಯಿತು. ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿದ್ದ ಲೆಕ್ಕ ಅದೇ.

ಸಾಕು. ಬರುವ ಭಾನುವಾರ ಬೆಳಿಗ್ಗೆ ಸತ್ತಿಯ ಮನೆಗೆ ಹೋಗುತ್ತೇನೆ. ಅಲ್ಲಿಂದ ಸೀದಾ ವಿಜಯವಾಡದ ರೈಲು. ಕಥೆ ಮಾಡಿ ಹೇಳುವುದಿಲ್ಲ, ಮೊಬೈಲಿನ ನೆಪ ಹೇಳುವುದಿಲ್ಲ. ಅವನು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಆ ಮೊಗಸಾಲೆಯಲ್ಲಿ ಆಡಿದ ಭಾಷೆಯಲ್ಲೇ ಹೇಳುತ್ತೇನೆ — ಊಪಲೇದು, ಬೀಸಲಿಲ್ಲ. ನೀನು ನೋಡಿದ್ದೇ ನಿಜ, ಚರಣಾ. ನನ್ನ ಕೈ ಕೆಳಗಿತ್ತು.